ಕಿವಿಯ ಮೂರು ಮೂಳೆಗಳು: ಸದ್ದು ಎಲ್ಲಿ ನಿಂತಿದೆ ಎಂದು ಪತ್ತೆ ಹಚ್ಚುವ ಕೈಪಿಡಿ

ಕಿವಿ ಸರಿಯಾಗಿ ಕೇಳಿಸುತ್ತಿಲ್ಲ ಎನ್ನುವವರಲ್ಲಿ ಎರಡು ಬಗೆ. "ಎಲ್ಲ ಸಣ್ಣಗೆ ಕೇಳಿಸುತ್ತೆ, ಸ್ವಲ್ಪ ಜೋರಾಗಿ ಹೇಳಿದರೆ ಸಾಕು" ಎನ್ನುವವರು ಒಂದು ಬಗೆ. "ಸದ್ದು ಬರುತ್ತೆ, ಮಾತು ಮಾತ್ರ ತಿಳಿಯಲ್ಲ, ಕೂಗಿದರೆ ಇನ್ನೂ ಗೊಂದಲ" ಎನ್ನುವವರು ಇನ್ನೊಂದು ಬಗೆ. ಮೊದಲನೆಯವರ ತೊಂದರೆ ಸಾಮಾನ್ಯವಾಗಿ ಸದ್ದನ್ನು ಸಾಗಿಸುವ ಭಾಗದಲ್ಲಿರುತ್ತದೆ. ಅಂದರೆ ಕಿವಿಯ ತೂತು, ತಮಟೆ, ತಮಟೆಯ ಹಿಂದಿನ ಮೂರು ಪುಟ್ಟ ಮೂಳೆಗಳು. ಎರಡನೆಯವರದು ಒಳಕಿವಿಯಲ್ಲಿ ಅಥವಾ ನರದಲ್ಲಿ. ಇಲ್ಲಿ ಹೇಳುತ್ತಿರುವುದು ಮೊದಲನೆಯ ಬಗೆಯ ದೋಷವನ್ನು ಹೊರಗಿನಿಂದ ಒಳಕ್ಕೆ ಒಂದೊಂದೇ ಹೆಜ್ಜೆ ಇಟ್ಟು ಹುಡುಕುವ ಬಗೆ. ಕೆಲವು ಹೆಜ್ಜೆ ಮನೆಯಲ್ಲೇ ಆಗುತ್ತವೆ. ಉಳಿದವಕ್ಕೆ ವೈದ್ಯರೇ ಬೇಕು, ಆದರೆ ಅವರು ಏನು ಮಾಡುತ್ತಿದ್ದಾರೆ, ಯಾಕೆ ಮಾಡುತ್ತಿದ್ದಾರೆ ಎಂದು ತಿಳಿದಿದ್ದರೆ ಒಳ್ಳೆಯದು ಅಲ್ವಾ?

ಬೇರೆಲ್ಲದಕ್ಕಿಂತ ಮೊದಲು

ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾಗಿದೆ ಎಂದುಕೊಳ್ಳಿ. ಬಾಯಿ ಮುಚ್ಚಿಕೊಂಡು "ಮ್‌..." ಎಂದು ಕೆಳಗಿನ ಶ್ರುತಿಯಲ್ಲಿ ಗುನುಗಿ. ಗುನುಗು ಯಾವ ಕಿವಿಯಲ್ಲಿ ಜೋರಾಗಿ ಕೇಳಿಸುತ್ತದೆ?

ಮಂದವಾದ ಕಿವಿಯಲ್ಲೇ ಜೋರಾಗಿದ್ದರೆ ದೋಷ ಸಾಗಣೆಯಲ್ಲಿ ಇರುವ ಸಾಧ್ಯತೆ ಹೆಚ್ಚು. ಸ್ವಲ್ಪ ನಿಧಾನವಾಗಿ ನೋಡಬಹುದು. ಚೆನ್ನಾಗಿರುವ ಕಿವಿಯಲ್ಲಿ ಜೋರಾಗಿದ್ದರೆ ಒಳಕಿವಿಯೇ ಸೋತಿರಬಹುದು. ಮೂರು ದಿನಗಳ ಒಳಗೆ ಹೀಗೆ ಕಿವಿ ಹೋದರೆ ಅದನ್ನು ತುರ್ತು ಎಂದೇ ಎಣಿಸಬೇಕು. ಸ್ಟೀರಾಯ್ಡ್ ಚಿಕಿತ್ಸೆ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು, ವಾರಗಳು ಕಳೆದ ಮೇಲೆ ಅದರಿಂದ ಪ್ರಯೋಜನ ಕಡಿಮೆ. "ಗುಗ್ಗೆ ಇರಬೇಕು" ಎಂದು ಎಣ್ಣೆ ಬಿಟ್ಟುಕೊಂಡು ಸುಮ್ನೆ ಕೂರುವುದು ಇಲ್ಲಿ ದುಬಾರಿಯಾಗುತ್ತದೆ. ಗುನುಗಿನ ಪರೀಕ್ಷೆ ಒಂದು ಸುಳಿವು ಅಷ್ಟೇ, ತೀರ್ಪಲ್ಲ. ಹಾಗಾಗಿ ಫಲ ಏನೇ ಬಂದರೂ ದಿಢೀರನೆ ಕಿವಿ ಮಂದವಾದವರು ಒಂದೆರಡು ದಿನದಲ್ಲಿ ತೋರಿಸಿಕೊಳ್ಳುವುದು ವಾಸಿ.

ಮುಖದ ಒಂದು ಬದಿ ಸೋತರೆ, ತಲೆ ಜೋರಾಗಿ ತಿರುಗಿದರೆ, ತಲೆಗೆ ಪೆಟ್ಟು ಬಿದ್ದ ಮೇಲೆ ಕಿವಿಯಿಂದ ನೀರಿನಂಥ ದ್ರವ ಬಂದರೆ ಮುಂದೆ ಓದಬೇಡಿ. ಆಸ್ಪತ್ರೆಗೆ ಹೋಗಿ.

ಗುನುಗು ಕೆಟ್ಟ ಕಿವಿಯ ಕಡೆಗೇ ಹೋಗುವುದು ವಿಚಿತ್ರ ಅನಿಸಬಹುದು. ಈಗಲೇ ಒಂದು ಕಿವಿಗೆ ಬೆರಳಿಟ್ಟು ಗುನುಗಿ ನೋಡಿ. ಮುಚ್ಚಿದ ಕಿವಿಯಲ್ಲೇ ಸದ್ದು ಜಾಸ್ತಿ. ಗುನುಗು ತಲೆಬುರುಡೆಯ ಮೂಲಕ ನೇರವಾಗಿ ಒಳಕಿವಿಗೆ ತಲುಪುತ್ತದೆ, ಅದಕ್ಕೆ ತಮಟೆ ಬೇಕಿಲ್ಲ. ಕಿವಿಯ ತೂತು ತೆರೆದಿದ್ದರೆ ಅದರಲ್ಲಿ ಸ್ವಲ್ಪ ಹೊರಗೆ ಸೋರಿಹೋಗುತ್ತದೆ. ಮುಚ್ಚಿದರೆ ಸೋರುವುದಿಲ್ಲ. ಹೊರಗಿನ ಗದ್ದಲವೂ ಒಳಗೆ ಬಂದು ಅದನ್ನು ಮುಳುಗಿಸುವುದಿಲ್ಲ. ಹೀಗೆ ಸದ್ದಿಗೆ ಎರಡು ದಾರಿಗಳಿವೆ, ಒಂದು ಗಾಳಿಯದು, ಇನ್ನೊಂದು ಮೂಳೆಯದು. ಈ ಕೈಪಿಡಿಯ ಅರ್ಧಕ್ಕಿಂತ ಹೆಚ್ಚು ಕೆಲಸ ಈ ಎರಡನ್ನು ಹೋಲಿಸಿ ನೋಡುವುದೇ.

ಎಲ್ಲ ಸರಿ ಇದ್ದಾಗ ಏನು ನಡೆಯುತ್ತದೆ

ಸದ್ದು ಬರುವುದು ಗಾಳಿಯಲ್ಲಿ. ಒಳಕಿವಿಯ ಕಾಕ್ಲಿಯಾದಲ್ಲಿ, ಅಂದರೆ ಸದ್ದನ್ನು ಹಿಡಿಯುವ ಸುರುಳಿಯಲ್ಲಿ, ಇರುವುದು ದ್ರವ. ಗಾಳಿಯ ಅಲೆ ನೇರವಾಗಿ ದ್ರವಕ್ಕೆ ಬಡಿದರೆ ಅದರ ಶಕ್ತಿಯಲ್ಲಿ ಸುಮಾರು ಶೇಕಡ 99.9 ಭಾಗ ವಾಪಸ್ ಪುಟಿಯುತ್ತದೆ. ಡೆಸಿಬೆಲ್ ಲೆಕ್ಕದಲ್ಲಿ 30ರಷ್ಟು ನಷ್ಟ. ಈ ನಷ್ಟವನ್ನು ತುಂಬಿಕೊಡುವುದೇ ಮೂರು ಮೂಳೆಗಳ ಕೆಲಸ.

ತಮಟೆಗೆ ಅಂಟಿಕೊಂಡಿರುವುದು ಸುತ್ತಿಗೆ ಮೂಳೆ, ವೈದ್ಯರ ಮಾತಿನಲ್ಲಿ ಮ್ಯಾಲಿಯಸ್. ನಡುವೆ ಅಡಿಗಲ್ಲು, ಅಂದರೆ ಇಂಕಸ್. ಕೊನೆಯದು ರಿಕಾಪು, ಅಂದರೆ ಸ್ಟೇಪಿಸ್. ಅದರ ಪಾದ ಒಳಕಿವಿಯ ಅಂಡಾಕಾರದ ಕಿಟಕಿಯಲ್ಲಿ ಕೂತಿರುತ್ತದೆ. ಸ್ಟೇಪಿಸ್ ಮೈಯಲ್ಲೇ ಅತಿ ಚಿಕ್ಕ ಮೂಳೆ, ಎತ್ತರ ಸುಮಾರು 3 ಮಿ.ಮೀ., ತೂಕವೂ ಬರೀ 3 ಮಿಲಿಗ್ರಾಂ ಆಸುಪಾಸು.

ತಮಟೆಯ ಕೆಲಸ ಮಾಡುವ ಭಾಗ ಸುಮಾರು 55 ಚದರ ಮಿ.ಮೀ. ಸ್ಟೇಪಿಸ್ ಪಾದ 3.2 ಚದರ ಮಿ.ಮೀ. ಅಗಲ ತಲೆಯ ಮೇಲೆ ಒತ್ತಿದ್ದು ಡ್ರಾಯಿಂಗ್ ಪಿನ್ನಿನ ಮೊನೆಯಲ್ಲಿ ಒಟ್ಟಾಗುತ್ತದಲ್ಲ, ಹಾಗೆ ಇಲ್ಲಿ ಒತ್ತಡ 17 ಪಟ್ಟು ಹೆಚ್ಚುತ್ತದೆ. ಸುತ್ತಿಗೆಯ ಹಿಡಿ ಅಡಿಗಲ್ಲಿನ ಉದ್ದದ ಕಾಲಿಗಿಂತ ಕೊಂಚ ಉದ್ದ, ಆದ್ದರಿಂದ ಸನ್ನೆಯ ಲಾಭ 1.3 ಪಟ್ಟು. ಎರಡೂ ಸೇರಿ ಸುಮಾರು 22 ಪಟ್ಟು, ಅಂದರೆ 27 ಡೆಸಿಬೆಲ್. ಹೋಗಬೇಕಿದ್ದ 30ರಲ್ಲಿ ಹೆಚ್ಚಿನ ಪಾಲು ಹೀಗೆ ಉಳಿಯುತ್ತದೆ. ಇದು ಕಾಗದದ ಮೇಲಿನ ಲೆಕ್ಕ. ನಿಜವಾದ ಕಿವಿಯಲ್ಲಿ ಈ ಲಾಭ ಎಲ್ಲ ಶ್ರುತಿಗೂ ಒಂದೇ ಸಮ ಸಿಗುವುದಿಲ್ಲ.

ಇನ್ನೊಂದು ಸಂಗತಿ ನೆನಪಿರಲಿ. ಕೇಳಿಸೀತೋ ಇಲ್ಲವೋ ಎನ್ನುವಷ್ಟು ಸಣ್ಣ ಸದ್ದಿಗೆ ತಮಟೆ ಅಲುಗುವುದು ಒಂದು ಹೈಡ್ರೋಜನ್ ಪರಮಾಣುವಿನ ಅಗಲಕ್ಕಿಂತಲೂ ಕಡಿಮೆ. ಇಷ್ಟು ನಾಜೂಕಾದ ಸರಪಳಿಯಲ್ಲಿ ಒಂದು ಕೀಲು ಸ್ವಲ್ಪ ಬಿಗಿದರೂ ಸಾಕು. ಮೂಳೆ ಪೂರ್ತಿ ಮುರಿಯಬೇಕಿಲ್ಲ.

ಮೂಳೆಯನ್ನು ದೂರುವ ಮೊದಲು

ಸಾಗಣೆಯ ದೋಷಗಳಲ್ಲಿ ಮೂಳೆಯದು ಅಪರೂಪವೇ. ಮೊದಲು ತೂತು ನೋಡಬೇಕು. ಗುಗ್ಗೆ ಸ್ವಲ್ಪ ಇದ್ದರೆ ಕೇಳುವುದಕ್ಕೆ ಏನೂ ಆಗುವುದಿಲ್ಲ. ದಾರಿ ಪೂರ್ತಿ ಮುಚ್ಚಿದಾಗ ಮಾತ್ರ ಕಿವಿ ಮಂದವಾಗುತ್ತದೆ. ತಲೆಗೆ ನೀರು ಹಾಕಿಕೊಂಡ ಕೂಡಲೇ ಕಿವಿ ಕಟ್ಟಿದರೆ ಗುಗ್ಗೆ ನೀರು ಕುಡಿದು ಉಬ್ಬಿರಬಹುದು. ಹತ್ತಿ ಕಡ್ಡಿ ಹಾಕಿ ತೆಗೆಯಲು ಹೋದರೆ ಅದು ಇನ್ನೂ ಒಳಕ್ಕೆ ಹೋಗಿ ಗಟ್ಟಿಯಾಗುತ್ತದೆ. ತಮಟೆ ತೂತಾಗಿರಬಹುದು ಎಂಬ ಅನುಮಾನವಿದ್ದರೆ, ಅಥವಾ ಹಿಂದೆ ಕಿವಿ ಸೋರಿದ್ದರೆ, ನೀರು ಹಾಯಿಸಿ ತೊಳೆಯಲೇಬಾರದು.

ತೂತು ಖಾಲಿ ಇದ್ದರೆ ಆಟೋಸ್ಕೋಪಿನಲ್ಲಿ, ಅಂದರೆ ಕಿವಿಯೊಳಗೆ ಬೆಳಕು ಬಿಟ್ಟು ನೋಡುವ ಉಪಕರಣದಲ್ಲಿ, ತಮಟೆ ಕಾಣುತ್ತದೆ. ಚೆನ್ನಾಗಿರುವ ತಮಟೆ ಮುತ್ತಿನ ಬೂದು ಬಣ್ಣದ್ದು, ಆಚೆ ಕಡೆ ಮಸುಕಾಗಿ ಕಾಣುವಂಥದ್ದು. ಸುತ್ತಿಗೆಯ ಹಿಡಿ ಅದರ ಮೇಲೆ ಗೆರೆಯ ಹಾಗೆ ಕಾಣುತ್ತದೆ. ತಮಟೆ ಒಳಕ್ಕೆ ಎಳೆದುಕೊಂಡಿದೆಯೇ, ಹಿಂದೆ ದ್ರವ ಅಥವಾ ಗುಳ್ಳೆ ಇದೆಯೇ, ತೂತಿದೆಯೇ ಎಂದು ಇಲ್ಲೇ ತಿಳಿಯುತ್ತದೆ.

ದ್ರವ ತುಂಬಿಕೊಳ್ಳುವುದು ಮಕ್ಕಳಲ್ಲಿ ಬಲು ಸಾಮಾನ್ಯ. ಮೂಗಿನ ಹಿಂಭಾಗಕ್ಕೂ ನಡುಕಿವಿಗೂ ನಡುವೆ ಇರುವ ಯೂಸ್ಟೇಷಿಯನ್ ನಾಳ ಸರಿಯಾಗಿ ತೆರೆಯದಿದ್ದರೆ ಒಳಗಿನ ಗಾಳಿ ಹೀರಿಹೋಗಿ ದ್ರವ ಜಮೆಯಾಗುತ್ತದೆ. ಹೆಚ್ಚಿನ ಮಕ್ಕಳಲ್ಲಿ ತಾನಾಗೇ ಇಳಿಯುತ್ತದೆ, ಅದಕ್ಕೇ ಸಾಮಾನ್ಯವಾಗಿ ಮೂರು ತಿಂಗಳು ಕಾದು ನೋಡುತ್ತಾರೆ. ದೊಡ್ಡವರಲ್ಲಿ ಒಂದೇ ಕಿವಿಯಲ್ಲಿ ದ್ರವ ತುಂಬಿ ಇಳಿಯದೇ ಉಳಿದರೆ ಲೆಕ್ಕ ಬೇರೆ. ಆಗ ಮೂಗಿನ ಹಿಂಭಾಗವನ್ನು ಕೊಳವೆ ಹಾಕಿ ನೋಡಲೇಬೇಕು. ಅಲ್ಲಿ ಗಡ್ಡೆ ಬೆಳೆದು ನಾಳದ ಬಾಯಿಯನ್ನು ಮುಚ್ಚಿರಬಹುದು.

ಶ್ರುತಿಕವೆಯ ಎರಡು ಪರೀಕ್ಷೆಗಳು

ತೂತು ಖಾಲಿ, ತಮಟೆ ಚೆನ್ನಾಗಿದೆ, ದ್ರವವೂ ಕಾಣುತ್ತಿಲ್ಲ, ಆದರೂ ಕಿವಿ ಮಂದ. ಈಗ ಮೂಳೆಗಳ ಸರದಿ. ಇಲ್ಲಿ ನನಗೆ ಅತಿ ಇಷ್ಟವಾದ ಉಪಕರಣ ಶ್ರುತಿಕವೆ, ಅಂದರೆ ಬಡಿದರೆ ಒಂದೇ ಶ್ರುತಿಯಲ್ಲಿ ಅದುರುವ ಎರಡು ಕವಲಿನ ಲೋಹದ ಕಡ್ಡಿ. ಕರೆಂಟ್ ಬೇಡ, ಪರದೆ ಬೇಡ. ಸಾಮಾನ್ಯವಾಗಿ 512 ಹರ್ಟ್ಸ್‌ನದನ್ನು ಬಳಸುತ್ತಾರೆ. ಅದಕ್ಕಿಂತ ಕೆಳಗಿನ ಶ್ರುತಿಯದಾದರೆ ಕೇಳಿಸಿತೋ, ಬರೀ ಅದುರಿದ್ದು ಗೊತ್ತಾಯಿತೋ ಎಂದು ಹೇಳುವುದು ಕಷ್ಟ.

ವೆಬರ್ ಪರೀಕ್ಷೆ ಮೇಲಿನ ಗುನುಗಿನದೇ ಇನ್ನೊಂದು ರೂಪ. ಅದುರುವ ಕವೆಯ ಬುಡವನ್ನು ಹಣೆಯ ನಡುವೆ ಇಟ್ಟು ಯಾವ ಕಡೆ ಕೇಳುತ್ತಿದೆ ಎಂದು ಕೇಳುವುದು. ಇದು ಬಹಳ ಸೂಕ್ಷ್ಮ, ಎರಡು ಕಿವಿಗಳ ಸಾಗಣೆಯಲ್ಲಿ ಸಣ್ಣ ವ್ಯತ್ಯಾಸವಿದ್ದರೂ ಒಂದು ಕಡೆ ವಾಲುತ್ತದೆ. ಆದರೆ ಎರಡೂ ಕಿವಿಗಳಲ್ಲಿ ಒಂದೇ ಸಮ ದೋಷವಿದ್ದರೆ ನಡುವಿನಲ್ಲೇ ನಿಂತು ದಾರಿ ತಪ್ಪಿಸುತ್ತದೆ. ಅರ್ನ್ಸ್ಟ್ ಹೈನ್ರಿಚ್ ವೆಬರ್ ಇದನ್ನು ವಿವರಿಸಿದ್ದು 1834ರಲ್ಲಿ.

ಎರಡನೆಯದು ರಿನ್ನೆ ಪರೀಕ್ಷೆ, 1855ರದ್ದು. ಕವೆಯನ್ನು ಮೊದಲು ಕಿವಿಯ ಹಿಂದಿನ ಗಟ್ಟಿ ಮೂಳೆಗೆ ಒತ್ತಿ ಹಿಡಿಯುತ್ತಾರೆ, ಆಮೇಲೆ ಕಿವಿಯ ತೂತಿನ ಎದುರು. ಯಾವುದು ಜೋರು? ಸರಿ ಇರುವ ಕಿವಿಗೆ ಗಾಳಿಯದೇ ಜೋರು. ಮೂಳೆಯದು ಜೋರಾದರೆ ಸರಪಳಿಯಲ್ಲಿ ಎಲ್ಲೋ ತಡೆ ಇದೆ. 512ರ ಕವೆಯಲ್ಲಿ ಹೀಗೆ ತಿರುಗಬೇಕಾದರೆ ಸಾಮಾನ್ಯವಾಗಿ 20ರಿಂದ 30 ಡೆಸಿಬೆಲ್ ನಷ್ಟವಾದರೂ ಆಗಿರಬೇಕು. ಅಂದರೆ ಸಣ್ಣ ದೋಷವನ್ನು ಇದು ಹಿಡಿಯುವುದಿಲ್ಲ. ಚೀಟಿಯಲ್ಲಿ ರಿನ್ನೆ ಪಾಸಿಟಿವ್ ಎಂದಿದ್ದರೆ ಗಾಬರಿ ಬೇಡ, ಇಲ್ಲಿ ಪಾಸಿಟಿವ್ ಎಂದರೆ ಗಾಳಿಯ ದಾರಿ ಚೆನ್ನಾಗಿದೆ ಎಂದೇ.

ಇಲ್ಲೊಂದು ಬಲೆ ಇದೆ. ಒಂದು ಕಿವಿ ಪೂರ್ತಿ ಸತ್ತಿದೆ ಎಂದುಕೊಳ್ಳಿ. ಅದರ ಹಿಂದಿನ ಮೂಳೆಗೆ ಕವೆ ಇಟ್ಟರೆ ಅದುರು ತಲೆಬುರುಡೆ ದಾಟಿ ಆಚೆಯ ಒಳ್ಳೆಯ ಕಿವಿಗೆ ತಲುಪುತ್ತದೆ. ರೋಗಿ "ಕೇಳಿಸುತ್ತಿದೆ" ಎನ್ನುತ್ತಾರೆ. ಗಾಳಿಯಲ್ಲಿ ಹಿಡಿದರೆ ಏನೂ ಇಲ್ಲ. ನೋಡಿದವರು ಸಾಗಣೆಯ ದೋಷ ಎಂದು ಬರೆದುಬಿಡುತ್ತಾರೆ, ನಿಜದಲ್ಲಿ ಹೋಗಿರುವುದು ಒಳಕಿವಿ. ಇದನ್ನು ಹಿಡಿಯುವುದು ವೆಬರ್. ಅದು ಒಳ್ಳೆಯ ಕಿವಿಯ ಕಡೆಗೆ ವಾಲಿರುತ್ತದೆ. ಎರಡು ಪರೀಕ್ಷೆಗಳ ಉತ್ತರ ಒಂದಕ್ಕೊಂದು ಹೊಂದದಿದ್ದರೆ ಒಳ್ಳೆಯ ಕಿವಿಗೆ ಗದ್ದಲ ಕೇಳಿಸಿ ಅದನ್ನು ಆಟದಿಂದ ಹೊರಗಿಟ್ಟು ಮತ್ತೆ ಮಾಡಬೇಕು. ಬರೀ ರಿನ್ನೆಯನ್ನು ನಂಬಿ ಮುಂದೆ ಹೋಗುವುದು ತಪ್ಪು ಎಂದೇ ನನ್ನ ಅಭಿಪ್ರಾಯ.

ಅಂಕಿಗಳು ಏನು ಹೇಳುತ್ತವೆ

ಯಾವ ಶ್ರುತಿಯಲ್ಲಿ ಎಷ್ಟು ಸಣ್ಣ ಸದ್ದು ಕೇಳಿಸುತ್ತದೆ ಎಂದು ತೋರಿಸುವ ನಕ್ಷೆಯೇ ಆಡಿಯೋಗ್ರಾಮ್. ಅದರಲ್ಲಿ ಎರಡು ಗೆರೆಗಳಿರುತ್ತವೆ, ಒಂದು ಗಾಳಿಯದು, ಒಂದು ಮೂಳೆಯದು. ಎರಡರ ನಡುವಿನ ಅಂತರವೇ ಸಾಗಣೆಯ ನಷ್ಟ. ಈ ಅಂತರ ಎಷ್ಟು, ಯಾವ ಶ್ರುತಿಯಲ್ಲಿ ಹೆಚ್ಚು ಎನ್ನುವುದರಿಂದ ದೋಷದ ಜಾಗ ಸುಮಾರಾಗಿ ಗೊತ್ತಾಗುತ್ತದೆ.

ಸರಪಳಿ ಬಿಗಿದರೆ ಮೊದಲು ಕೆಳಗಿನ ಶ್ರುತಿಗಳು ಹೋಗುತ್ತವೆ. ಸರಪಳಿಗೆ ಭಾರ ಬಿದ್ದರೆ ಮೇಲಿನ ಶ್ರುತಿಗಳು ಹೋಗುತ್ತವೆ. ಕೊಂಡಿ ಪೂರ್ತಿ ಕಳಚಿದರೆ ಎಲ್ಲ ಶ್ರುತಿಗಳಲ್ಲೂ ದೊಡ್ಡ ಅಂತರ, 60 ಡೆಸಿಬೆಲ್‌ವರೆಗೂ ಹೋಗಬಹುದು. ಸಾಗಣೆಯ ನಷ್ಟಕ್ಕೆ ಮೇಲಿನ ಮಿತಿಯೂ ಹೆಚ್ಚುಕಡಿಮೆ ಅಷ್ಟೇ. ಅದಕ್ಕಿಂತ ಜೋರಾದ ಸದ್ದು ತಲೆಬುರುಡೆಯನ್ನೇ ಅದುರಿಸಿ ಒಳಕ್ಕೆ ಹೋಗುತ್ತದೆ. ಹಾಗಾಗಿ ಗಾಳಿಯ ಗೆರೆಯಲ್ಲಿ ನಷ್ಟ 60ಕ್ಕಿಂತ ತುಂಬಾ ಹೆಚ್ಚಿದ್ದರೆ ಒಳಕಿವಿಯ ದೋಷವೂ ಸೇರಿದೆ ಎಂದು ತಿಳಿಯಬೇಕು.

ತಲೆಕೆಳಗು ಅನಿಸುವ ಸಂಗತಿಯೊಂದಿದೆ. ಕೊಂಡಿ ಕಳಚಿ, ತಮಟೆಯಲ್ಲೂ ತೂತಿದ್ದರೆ ನಷ್ಟ ಕಡಿಮೆ. ತಮಟೆ ಗಟ್ಟಿಮುಟ್ಟಾಗಿದ್ದು ಕೊಂಡಿ ಮಾತ್ರ ಕಳಚಿದ್ದರೆ ನಷ್ಟ ಜಾಸ್ತಿ. ತೂತಿದ್ದರೆ ಸದ್ದು ಒಳಗೆ ನುಗ್ಗಿ ನೇರವಾಗಿ ಕಿಟಕಿಗೆ ಬಡಿಯುತ್ತದೆ. ತೂತಿಲ್ಲದ ತಮಟೆ, ಹಿಂದೆ ಕೊಂಡಿಯೇ ಇಲ್ಲದಾಗ, ಬರೀ ಮುಚ್ಚಿದ ಬಾಗಿಲು.

ಟಿಂಪನೋಮೆಟ್ರಿ ಎಂಬ ಪರೀಕ್ಷೆ ಕಿವಿಯ ತೂತಿನಲ್ಲಿ ಗಾಳಿಯ ಒತ್ತಡವನ್ನು ಏರಿಸಿ ಇಳಿಸಿ ತಮಟೆ ಎಷ್ಟು ಸಡಿಲ ಎಂದು ಅಳೆಯುತ್ತದೆ. ಗೆರೆ ಚಪ್ಪಟೆಯಾಗಿದ್ದರೆ ಬಿ ಬಗೆ. ದ್ರವ ಇರಬಹುದು, ತಮಟೆ ತೂತಾಗಿರಬಹುದು, ಇಲ್ಲವೇ ಗುಗ್ಗೆ ಕಟ್ಟಿರಬಹುದು. ಯಾವುದು ಎಂದು ತಿಳಿಯಲು ಪಕ್ಕದಲ್ಲಿ ಬರೆದ, ಕಿವಿಯ ತೂತಿನ ಒಳಜಾಗದ ಅಳತೆ ನೋಡಬೇಕು. ತೀರಾ ದೊಡ್ಡದಾಗಿದ್ದರೆ ತಮಟೆಯಲ್ಲಿ ತೂತು, ತೀರಾ ಚಿಕ್ಕದಾಗಿದ್ದರೆ ಗುಗ್ಗೆ. ಶಿಖರ ಎಡಕ್ಕೆ ಸರಿದಿದ್ದರೆ ಸಿ ಬಗೆ, ಒಳಗೆ ಒತ್ತಡ ಕಡಿಮೆ ಎಂದು. ಶಿಖರ ನೆಟ್ಟಗಿದ್ದೂ ಗಿಡ್ಡವಾಗಿದ್ದರೆ ಸರಪಳಿ ಬಿಗಿ. ತುಂಬಾ ಎತ್ತರವಾಗಿದ್ದರೆ ಸಡಿಲ, ಕೊಂಡಿ ಕಳಚಿರಬಹುದು. ಆದರೆ ಸ್ಟೇಪಿಸ್ ಬಿಗಿದ ಎಷ್ಟೋ ಕಿವಿಗಳಲ್ಲಿ ಈ ಗೆರೆ ಪೂರ್ತಿ ಸಾಮಾನ್ಯವಾಗಿಯೇ ಬರುತ್ತದೆ. ಟಿಂಪನೋಗ್ರಾಮ್ ಚೆನ್ನಾಗಿದೆ ಎಂದ ಮಾತ್ರಕ್ಕೆ ಮೂಳೆ ಚೆನ್ನಾಗಿದೆ ಎನ್ನಲಾಗದು.

ಯಾವ ಮೂಳೆ?

ಅಡಿಗಲ್ಲಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ಸರಪಳಿಯ ಬಡ ಕೊಂಡಿ ಅದೇ. ಅದಕ್ಕೆ ಯಾವ ಸ್ನಾಯುವೂ ಅಂಟಿಲ್ಲ. ತಂತುಗಳ ಆಸರೆಯಲ್ಲೇ ನೇತಾಡುತ್ತಿರುತ್ತದೆ. ಅದರ ಉದ್ದದ ಕಾಲಿನ ತುದಿಗೆ ರಕ್ತ ಸರಬರಾಜು ತೀರಾ ಕಡಿಮೆ. ವರ್ಷಗಟ್ಟಲೆ ಕಿವಿ ಸೋರಿದರೆ ಮೊದಲು ಸವೆದುಹೋಗುವುದು ಈ ತುದಿ. ತಲೆಗೆ ಪೆಟ್ಟು ಬಿದ್ದಾಗ ಹೆಚ್ಚಾಗಿ ಕಳಚುವ ಕೀಲು ಕೂಡ ಇದರದ್ದೇ, ಸ್ಟೇಪಿಸ್ ಜೊತೆ ಸೇರುವ ಕಡೆ. ಪೆಟ್ಟಾದ ಮೇಲೆ ತಮಟೆಯ ಹಿಂದೆ ರಕ್ತ ನಿಂತೂ ಕಿವಿ ಮಂದವಾಗುತ್ತದೆ, ಅದು ಕೆಲವು ವಾರಗಳಲ್ಲಿ ಕರಗುತ್ತದೆ. ಆಮೇಲೂ ದೊಡ್ಡ ಅಂತರ ಉಳಿದರೆ ಕೀಲು ಕಳಚಿದೆ ಎಂದು ಅನುಮಾನ ಪಡಬೇಕು.

ಸುತ್ತಿಗೆಯ ತಲೆ ಕೆಲವೊಮ್ಮೆ ಮೇಲಿನ ಮೂಳೆಗೋಡೆಗೆ ಬೆಸೆದುಕೊಳ್ಳುತ್ತದೆ. ಇದು ಅಷ್ಟಾಗಿ ಕಾಣಸಿಗುವುದಿಲ್ಲ.

ಇನ್ನು ಸ್ಟೇಪಿಸ್. ತಮಟೆ ಚೆನ್ನಾಗಿದ್ದು, ವಯಸ್ಸು ಇಪ್ಪತ್ತರಿಂದ ನಲವತ್ತರ ಆಸುಪಾಸು ಇದ್ದು, ವರ್ಷಗಳಲ್ಲಿ ನಿಧಾನವಾಗಿ ಕಿವಿ ಮಂದವಾಗುತ್ತಾ ಬಂದಿದ್ದರೆ ಓಟೋಸ್ಕ್ಲೆರೋಸಿಸ್ ನೆನಪಾಗಬೇಕು. ಒಳಕಿವಿಯ ಸುತ್ತಲಿನ ಮೂಳೆ ಅಡ್ಡಾದಿಡ್ಡಿ ಬೆಳೆದು ಸ್ಟೇಪಿಸ್ ಪಾದವನ್ನು ಕಿಟಕಿಗೆ ಕಚ್ಚಿಸಿಬಿಡುತ್ತದೆ. ಹೆಂಗಸರಲ್ಲಿ ಜಾಸ್ತಿ, ಮನೆತನದಲ್ಲಿ ಹರಿದುಬರುವುದುಂಟು, ಹೆಚ್ಚಿನವರಲ್ಲಿ ಕೊನೆಗೆ ಎರಡೂ ಕಿವಿಗೆ ಬರುತ್ತದೆ. ಇವರ ಮಾತು ಕೇಳಿದರೇ ಸುಳಿವು ಸಿಗುತ್ತದೆ. ಮೆಲ್ಲಗೆ ಮಾತಾಡುತ್ತಾರೆ, ಯಾಕೆಂದರೆ ಅವರ ದನಿ ಮೂಳೆಯ ದಾರಿಯಲ್ಲಿ ಅವರಿಗೇ ಜೋರಾಗಿ ಕೇಳುತ್ತದೆ. ಗದ್ದಲದಲ್ಲಿ ಇವರಿಗೆ ಮಾತು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಎದುರಿನವರು ದನಿ ಏರಿಸಿರುತ್ತಾರೆ, ಗದ್ದಲ ಮಾತ್ರ ಇವರಿಗೆ ಅಷ್ಟು ಕೇಳುವುದಿಲ್ಲ. ಒಳಕಿವಿಯ ದೋಷದವರಿಗೆ ಗದ್ದಲವೇ ಶತ್ರು. "ಸಂತೆಯಂಥ ಗಲಾಟೆಯಲ್ಲಿ ಹೇಗೆ ಕೇಳುತ್ತೆ?" ಎಂಬ ಒಂದೇ ಪ್ರಶ್ನೆ ಎಷ್ಟೋ ಕೆಲಸ ಉಳಿಸುತ್ತದೆ.

ಇವರ ಆಡಿಯೋಗ್ರಾಮಿನಲ್ಲಿ ಮೂಳೆಯ ಗೆರೆ 2000 ಹರ್ಟ್ಸ್ ಹತ್ತಿರ ಕೊಂಚ ತಗ್ಗುತ್ತದೆ. ಅದಕ್ಕೆ ಕಾರ್ಹಾರ್ಟ್ ತಗ್ಗು ಎಂದು ಹೆಸರು. ನೋಡಿದರೆ ಒಳಕಿವಿಯೂ ಕೆಟ್ಟಿದೆ ಅನಿಸುತ್ತದೆ. ಹಾಗಲ್ಲ. ಮೂಳೆಯ ದಾರಿಯಲ್ಲಿ ಬರುವ ಸದ್ದಿಗೂ ಈ ಪುಟ್ಟ ಮೂಳೆಗಳ ಅಲುಗಾಟ ಸ್ವಲ್ಪ ಸಹಾಯ ಮಾಡುತ್ತದೆ, ಸ್ಟೇಪಿಸ್ ಬಿಗಿದಾಗ ಆ ಸಹಾಯ ತಪ್ಪುತ್ತದೆ. ಶಸ್ತ್ರಚಿಕಿತ್ಸೆ ಗೆದ್ದ ಮೇಲೆ ಈ ತಗ್ಗು ಹೆಚ್ಚಾಗಿ ಮುಚ್ಚಿಕೊಳ್ಳುತ್ತದೆ.

ಮತ್ತೊಂದು ಬಗೆಯ ಮೋಸವಿದೆ. ಕೊಲೆಸ್ಟಿಯಟೋಮ ಎಂಬ ಚರ್ಮದ ಗಂಟು ನಡುಕಿವಿಯಲ್ಲಿ ಬೆಳೆದು ಅಡಿಗಲ್ಲನ್ನು ತಿಂದುಹಾಕುತ್ತದೆ. ಕೆಲವರಲ್ಲಿ ಆ ಗಂಟೇ ತಮಟೆಗೂ ಸ್ಟೇಪಿಸ್‌ಗೂ ನಡುವೆ ಸೇತುವೆಯಾಗಿ ಸದ್ದು ದಾಟಿಸುತ್ತಿರುತ್ತದೆ. ಕೇಳುವುದು ಸುಮಾರಾಗಿ ಚೆನ್ನಾಗಿದ್ದೂ ಒಳಗೆ ಮೂಳೆ ಇರುವುದಿಲ್ಲ. ಗಂಟು ತೆಗೆದ ಮೇಲೆ ಕಿವಿ ಇನ್ನೂ ಮಂದವಾಯಿತು ಎಂದು ರೋಗಿ ಬೇಸರಪಡುವುದು ಇಂಥ ಕಡೆ. ಹಾಗೆಂದು ಗಂಟನ್ನು ಬಿಡುವಂತಿಲ್ಲ, ಅದು ಮುಖದ ನರದವರೆಗೆ, ಮಿದುಳಿನವರೆಗೆ ಹೋಗಬಲ್ಲದು. ಕೆಟ್ಟ ವಾಸನೆಯ ಸೋರಿಕೆ ಇದ್ದರೆ ಕೇಳುವುದು ಎಷ್ಟೇ ಚೆನ್ನಾಗಿರಲಿ, ಇದನ್ನು ಹುಡುಕಬೇಕು.

ಚಿಕ್ಕ ಸ್ನಾಯು, ದೊಡ್ಡ ಸಾಕ್ಷಿ

ಸ್ಟೇಪಿಸ್‌ಗೆ ಸ್ಟೆಪೀಡಿಯಸ್ ಎಂಬ ಸ್ನಾಯು ಅಂಟಿಕೊಂಡಿದೆ. ಜೋರಾದ ಸದ್ದಿಗೆ, ಸಾಮಾನ್ಯವಾಗಿ 70ರಿಂದ 100 ಡೆಸಿಬೆಲ್ ನಡುವೆ, ಅದು ತಾನಾಗೇ ಸೆಳೆದು ಸರಪಳಿಯನ್ನು ಬಿಗಿ ಮಾಡುತ್ತದೆ. ಒಂದು ಕಿವಿಗೆ ಸದ್ದು ಕೊಟ್ಟರೂ ಎರಡೂ ಕಡೆ ಸೆಳೆಯುತ್ತದೆ. ಆ ಸೆಳೆತವನ್ನು ತಮಟೆಯ ಮೇಲೆ ಅಳೆಯಬಹುದು. ಸ್ಟೇಪಿಸ್ ಬಿಗಿದಿದ್ದರೆ ಸೆಳೆತ ಕಾಣುವುದಿಲ್ಲ. ಕೊಂಡಿ ಕಳಚಿದ್ದರೂ ಕಾಣುವುದಿಲ್ಲ, ಸ್ನಾಯು ಸೆಳೆದದ್ದು ತಮಟೆಗೆ ತಲುಪುವುದೇ ಇಲ್ಲ. ಸ್ಟೇಪಿಸ್ ಕಾಲುಗಳು ಸ್ನಾಯುವಿನ ಆಚೆ ಮುರಿದಿದ್ದರೆ ಮಾತ್ರ ಒಂದು ತಮಾಷೆ. ದೊಡ್ಡ ಅಂತರವಿದ್ದೂ ಸೆಳೆತ ಕಾಣಬಹುದು.

ಆದರೆ ಅಂತರವೂ ಇದೆ, ಸೆಳೆತವೂ ಇದೆ ಎಂದರೆ ಮೊದಲು ಅನುಮಾನಿಸಬೇಕಾದದ್ದು ಇನ್ನೊಂದನ್ನು. ಒಳಕಿವಿಯಲ್ಲಿ ಮೈಯ ಸಮತೋಲ ಕಾಯುವ ಅರ್ಧವೃತ್ತ ನಾಳಗಳಲ್ಲಿ ಮೇಲಿನದರ ಮೂಳೆ ತೆಳುವಾಗಿ ಅಲ್ಲಿ ಬಾಯಿ ತೆರೆದಿರಬಹುದು. ಒಳಕಿವಿಗೆ ಇರಬೇಕಾದ ಕಿಟಕಿಗಳು ಎರಡು, ಇದು ಮೂರನೆಯದಾಗುತ್ತದೆ. ಗಾಳಿಯಿಂದ ಬಂದ ಶಕ್ತಿ ಅದರಲ್ಲಿ ಸೋರಿಹೋಗುತ್ತದೆ, ಮೂಳೆಯಿಂದ ಬಂದದ್ದು ಇನ್ನೂ ಜೋರಾಗುತ್ತದೆ. ಆಡಿಯೋಗ್ರಾಮ್ ನೋಡಿದರೆ ಥೇಟ್ ಓಟೋಸ್ಕ್ಲೆರೋಸಿಸ್. ಲಾಯ್ಡ್ ಮೈನರ್ ಮತ್ತು ಜೊತೆಗಾರರು 1998ರಲ್ಲಿ ಇದನ್ನು ವಿವರಿಸುವವರೆಗೂ ಇಂಥ ಕಿವಿಗಳಲ್ಲಿ ಚೆನ್ನಾಗಿದ್ದ ಸ್ಟೇಪಿಸ್ ತೆಗೆದು ಪ್ರಯೋಜನವಾಗದೇ ಹೋದದ್ದುಂಟು. ಜೋರು ಸದ್ದಿಗೆ ತಲೆ ತಿರುಗುವುದು, ತನ್ನದೇ ದನಿ ತಲೆಯೊಳಗೆ ಮೊಳಗುವುದು, ಕಣ್ಣುಗುಡ್ಡೆ ಹೊರಳಿಸಿದ ಸದ್ದೂ ಕೇಳುವುದು ಇದರ ಗುರುತುಗಳು. ಸಿಟಿ ಸ್ಕ್ಯಾನ್ ತೋರಿಸಿಕೊಡುತ್ತದೆ. ಸ್ಟೇಪಿಸ್ ಶಸ್ತ್ರಚಿಕಿತ್ಸೆಗೆ ಒಪ್ಪುವ ಮೊದಲು "ಸ್ಟೆಪೀಡಿಯಲ್ ರಿಫ್ಲೆಕ್ಸ್ ನೋಡಿದಿರಾ?" ಎಂದು, ಅಂದರೆ ಈ ಸೆಳೆತ ಅಳೆದಿರಾ ಎಂದು, ವೈದ್ಯರನ್ನು ಕೇಳಲು ಹಿಂಜರಿಯಬೇಡಿ.

ಸರಿಪಡಿಸುವುದು

ಓಟೋಸ್ಕ್ಲೆರೋಸಿಸ್ ಎಂದು ಖಚಿತವಾದರೆ ಮೂರು ದಾರಿ. ಸುಮ್ನೆ ನೋಡುತ್ತಿರುವುದು, ಶ್ರವಣ ಸಾಧನ, ಶಸ್ತ್ರಚಿಕಿತ್ಸೆ. ಒಳಕಿವಿ ಚೆನ್ನಾಗಿರುವ ಇವರಿಗೆ ಶ್ರವಣ ಸಾಧನ ಬಹಳ ಚೆನ್ನಾಗಿ ಒಗ್ಗುತ್ತದೆ. ಇದನ್ನು ಕೀಳು ಆಯ್ಕೆ ಎಂದು ನೋಡುವವರ ಜೊತೆ ನನಗೆ ಜಗಳವಿದೆ.

ಶಸ್ತ್ರಚಿಕಿತ್ಸೆಯ ಕತೆ ಸ್ವಾರಸ್ಯದ್ದು. 1952ರಲ್ಲಿ ಸ್ಯಾಮ್ಯುಯೆಲ್ ರೋಸೆನ್ ಬೇರೊಂದು ಶಸ್ತ್ರಚಿಕಿತ್ಸೆಗೆ ಮೊದಲು ಸ್ಟೇಪಿಸ್ ನಿಜಕ್ಕೂ ಬಿಗಿದಿದೆಯೇ ಎಂದು ಒತ್ತಿ ನೋಡುತ್ತಿದ್ದರು. ಅದು ಸಡಿಲವಾಯಿತು, ಮೇಜಿನ ಮೇಲಿದ್ದ ರೋಗಿಗೆ ಆಗಲೇ ಚೆನ್ನಾಗಿ ಕೇಳತೊಡಗಿತು. ಆದರೆ ಹೀಗೆ ಸಡಿಲಿಸಿದ ಎಷ್ಟೋ ಸ್ಟೇಪಿಸ್‌ಗಳು ಮತ್ತೆ ಕಚ್ಚಿಕೊಂಡವು. 1956ರಲ್ಲಿ ಜಾನ್ ಶೀ ಸ್ಟೇಪಿಸ್ ಅನ್ನೇ ತೆಗೆದು ಟೆಫ್ಲಾನ್ ಮೂಳೆ ಕೂರಿಸಿದರು. ಈಗ ಪಾದದಲ್ಲಿ ಸಣ್ಣ ತೂತು ಕೊರೆದು ಅರ್ಧ ಮಿ.ಮೀ. ಆಸುಪಾಸಿನ ಪಿಸ್ಟನ್ ಇಳಿಸಿ, ಅದರ ಕೊಕ್ಕೆಯನ್ನು ಅಡಿಗಲ್ಲಿಗೆ ಸಿಕ್ಕಿಸುತ್ತಾರೆ. ಅಡಿಗಲ್ಲೇ ಸವೆದಿದ್ದರೆ ಟೈಟಾನಿಯಂ ತುಂಡನ್ನೋ, ರೋಗಿಯದೇ ಮೂಳೆಯನ್ನು ತಿದ್ದಿಯೋ ನಡುವೆ ಕೂರಿಸುತ್ತಾರೆ. ಸೋರುವ ಕಿವಿ ಒಣಗದೆ ಇದಕ್ಕೆ ಕೈ ಹಾಕುವುದಿಲ್ಲ.

ನುರಿತ ಕೈಯಲ್ಲಿ ಪಿಸ್ಟನ್ ಬಹುತೇಕ ಗೆಲ್ಲುತ್ತದೆ. ಆದರೂ ನೂರರಲ್ಲಿ ಒಬ್ಬರ ಆಸುಪಾಸು ಆ ಕಿವಿ ಪೂರ್ತಿ ಹೋಗುವ ಅಪಾಯವಿದೆ. ಅದಕ್ಕೇ ಹೆಚ್ಚು ಮಂದವಾದ ಕಿವಿಗೆ ಮೊದಲು ಮಾಡುತ್ತಾರೆ, ಒಂದೇ ಕಿವಿಯಲ್ಲಿ ಬದುಕುತ್ತಿರುವವರಿಗೆ ಸಾಮಾನ್ಯವಾಗಿ ಮಾಡುವುದಿಲ್ಲ. ರುಚಿಯ ನರವೊಂದು ನಡುಕಿವಿಯಲ್ಲೇ ಹಾದುಹೋಗುವುದರಿಂದ ಕೆಲವು ತಿಂಗಳು ನಾಲಿಗೆಯ ಒಂದು ಬದಿಯಲ್ಲಿ ಲೋಹದ ರುಚಿ ಬರಬಹುದು. ಮೊದಲ ವಾರಗಳಲ್ಲಿ ಮೂಗು ಜೋರಾಗಿ ಸೀಟುವುದು, ಭಾರ ಎತ್ತುವುದು, ವಿಮಾನ ಏರುವುದು ಬೇಡ. ಆ ದಿನಗಳಲ್ಲಿ ತಲೆ ತಿರುಗುವುದು ಹೆಚ್ಚುತ್ತಾ ಹೋಗಿ, ಜೊತೆಗೆ ಕೇಳುವುದು ಇಳಿಯುತ್ತಿದ್ದರೆ ಮುಂದಿನ ತಪಾಸಣೆಯ ದಿನಕ್ಕಾಗಿ ಕಾಯಬೇಡಿ. ಶಸ್ತ್ರಚಿಕಿತ್ಸೆ ಮಾಡಿದವರನ್ನು ಅದೇ ದಿನ ಕಾಣಿ.